ಗಂಟಿನ ಸಲ್ಮಾಳ ನಾಟಕ

ಬೆಳಿಗ್ಗೆ ಸ್ನಾನದ ಮನೆಯಲ್ಲಿ ಉಮೆಸಲ್ಮಾಳ ಬೆರಳಿಗೆ ಎದೆಯಲ್ಲಿ ಸಿಕ್ಕ ಗಂಟು ಕಡಲೆಕಾಳಿನಷ್ಟೇ ಇತ್ತು. ಮತ್ತೊಮ್ಮೆ ಒತ್ತಿ ನೋಡಿದಳು. ಇತ್ತು. ಆರೋಗ್ಯ ಕಾರ್ಯಕರ್ತೆಯಾಗಿ ಎರಡು ವರ್ಷದಿಂದ ಊರೂರಿನ ಹುಡುಗಿಯರಿಗೆ ಹೀಗೆ ಒತ್ತಿ ನೋಡುವುದನ್ನು ಕಲಿಸಿದವಳು ಅವಳೇ.

ಭಾಷಣ ಮಾಡಿದರೆ ಹುಡುಗಿಯರು ನಾಚಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆಂದು ಅವಳೊಂದು ಪುಟ್ಟ ನಾಟಕ ಕಟ್ಟಿದ್ದಳು. "ಅಯ್ಯ ಅಕ್ಕಾ, ಎದಿಯಾಗ ಗಂಟು ಬಂದೈತಿ, ಯಾರಿಗ ಹೇಳ್ಲಿ?" ಎಂದು ಅವಳು ಅಳಬೇಕು. ನೋಡುವವರಲ್ಲೊಬ್ಬರು ಎದ್ದು, "ಅಂಜಬ್ಯಾಡ ತಂಗಿ, ನಾ ಬರ್ತೀನಿ ನಿನ್ನ ಜೋಡಿ!" ಎನ್ನಬೇಕು. ಸುರಪುರದಿಂದ ಯಾದಗಿರಿವರೆಗೆ ಈ ಆಟ ನೋಡದವರಿಲ್ಲ. ಅವಳಿಗೆ ಗಂಟಿನ ಸಲ್ಮಾ ಎಂದೇ ಹೆಸರು ಬಿದ್ದಿತ್ತು.

ಯಾದಗಿರಿಯ ಆಸ್ಪತ್ರೆಗೆ ಫೋನ್ ಮಾಡಿದಳು. "ಇವತ್ತ ಮೂರಕ್ಕ ಬರ್ರಿ. ಜೋಡಿ ಯಾರನ್ನರ ಕರಕೊಂಡ ಬರ್ರಿ," ಎಂದರು.

ಯಾರನ್ನು? ಅಮ್ಮಿ ತೀರಿಹೋಗಿ ಆರು ವರ್ಷ. ಸುರಪುರದಲ್ಲಿ ಅವಳದೆನ್ನುವುದು ಒಂದು ಬಾಡಿಗೆ ಕೋಣೆ, ಒಂದು ಗ್ಯಾಸ್ ಒಲೆ. ಅಂಗಳದಲ್ಲಿ ಮನೆ ಒಡತಿ ಸುಂದ್ರಮ್ಮ ಮೆಣಸಿನಕಾಯಿ ಒಣಹಾಕುತ್ತಿದ್ದಳು.

"ಸುಂದ್ರಮ್ಮಾರ, ನನ್ನ ಎದಿಯಾಗ ಗಂಟು ಬಂದೈತ್ರಿ."

"ಇಷ್ಟ ಸಣ್ಣ ದನಿ ಮಾಡಿದ್ರ ಹಿಂದ ಕುಂತವರಿಗೆ ಕೇಳಸ್ತೈತೇನ? ದನಿ ಎತ್ತು!"

"ನಾಟಕ ಅಲ್ರಿ, ಖರೇನ!"

"ಹಾಂ, ಈಗ ಚಲೋ ಬಂತು ನೋಡು."

ಮೂರಕ್ಕಿಂತ ಮೊದಲು ಶಹಾಪುರದಲ್ಲಿ ಅವಳ ಆಟವಿತ್ತು. ಆ ಬಸ್ಸಿನಲ್ಲಿ ಜೊತೆಗೆಲಸದ ನರ್ಸ್ ಸಾವಿತ್ರಿಬಾಯಿ ಸಿಕ್ಕಳು. ಸಲ್ಮಾ ಅವಳ ಕಿವಿಯಲ್ಲಿ ಎಲ್ಲ ಹೇಳಿಕೊಂಡಳು. ಸಾವಿತ್ರಿಬಾಯಿ ತಲೆದೂಗಿ, "ಈ 'ಖರೇನ' ಅನ್ನೂ ಮಾತು ಹೋದ ಸರ್ತಿ ಇರ್ಲಿಲ್ಲ. ಹೊಸದಾಗಿ ಸೇರಿಸೀಯೇನ? ಮಸ್ತ್ ಐತಿ, ಇಟ್ಕೋ," ಎಂದು ಕಿಟಕಿಗೆ ಒರಗಿ ನಿದ್ದೆ ಹೋದಳು.

ಶಹಾಪುರದ ಹಾಸ್ಟೆಲಿನಲ್ಲಿ ಅರವತ್ತು ಹುಡುಗಿಯರು ಕಾದಿದ್ದರು. ಸಲ್ಮಾ ಎಂದಿನಂತೆ ಎಲ್ಲ ಹೇಳಿದಳು: ತಿಂಗಳಿಗೊಮ್ಮೆ ಮುಟ್ಟು ಮುಗಿದ ಮೇಲೆ ಮುಟ್ಟಿ ನೋಡಿಕೊಳ್ಳಬೇಕು, ಗಂಟೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಡಾಕ್ಟರಿಗೆ ತೋರಿಸದೆ ಬಿಡಬಾರದು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದಳು.

"ಇವತ್ತ ನಾಟಕ ಇಲ್ಲ. ಗಂಟು ನನಗ ಬಂದೈತಿ. ಒಬ್ಬಾಕೀನ ಆಸ್ಪತ್ರಿಗೆ ಹೋಗಾಕ ಅಂಜಿಕಿ ಆಗಾಕತ್ತೈತಿ."

ಕಣ್ಣೀರು ಇಳಿಯಿತು. ಮರುಗಳಿಗೆ ಇಪ್ಪತ್ತು ಹುಡುಗಿಯರು ಒಟ್ಟಿಗೇ ಎದ್ದು, "ಅಂಜಬ್ಯಾಡ ತಂಗಿ, ನಾ ಬರ್ತೀನಿ ನಿನ್ನ ಜೋಡಿ!" ಎಂದು ಕೂಗಿ ಚಪ್ಪಾಳೆ ಹೊಡೆದರು. ವಾರ್ಡನ್ ಅಂಜುಮ್ ಮೇಡಂ ಮೊಬೈಲ್ ಎತ್ತಿ ಹಿಡಿದು, "ಸಲ್ಮಾ, ಅದೊಂದು ಇನ್ನೊಮ್ಮಿ ಅಳವಾ. ವಿಡಿಯೋ ಹಚ್ಚೂದು ಮರ್ತಿದ್ದೆ," ಎಂದಳು.

ಸಲ್ಮಾ ಹಿತ್ತಲಿನ ನಲ್ಲಿಗೆ ಹೋಗಿ ಮುಖ ತೊಳೆದಳು. ಇಷ್ಟು ಜನ ಗೊತ್ತಿದ್ದೂ ತನಗೆ ಯಾರೂ ಇಲ್ಲವಲ್ಲ ಎಂದುಕೊಂಡಳು. ಅಷ್ಟರಲ್ಲಿ ಯಾರೋ ಭುಜ ಹಿಡಿದರು. ಹಾಸ್ಟೆಲಿನ ಅಡುಗೆಯ ಹಜರಾಬೀ. ಮುದುಕಿಯ ಕಣ್ಣೂ ಒದ್ದೆಯಾಗಿತ್ತು.

"ಯಾವಾಗ ಹೋಗೂದು ಬೇಟಿ? ನಾ ಬರ್ತೀನಿ."

"ಈಗಽ ಚಾಚಿ. ಖರೇನ ಬರ್ತೀರೇನು?"

"ಬರ್ದಽ ಏನು! ತಡಿ, ಬುರ್ಖಾ ಹಾಕ್ಕೋತೀನಿ."

ಯಾದಗಿರಿ ಬಸ್ಸಿನಲ್ಲಿ ಸಲ್ಮಾ ಹಜರಾಬೀಯ ಕೈ ಬಿಡಲೇ ಇಲ್ಲ. ಮುದುಕಿ ಬುತ್ತಿ ಬಿಚ್ಚಿ ರೊಟ್ಟಿ ತಿನ್ನಿಸಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲವೆಂದು ಸಲ್ಮಾಳಿಗೆ ಆಗಲೇ ನೆನಪಾದದ್ದು. ಅಮ್ಮಿ ಹೋದ ಮೇಲೆ ಮನಸ್ಸು ಇಷ್ಟು ಹಗುರಾಗಿದ್ದು ಇದೇ ಮೊದಲು.

ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ನಾಲ್ಕೇ ಜನ. ಸಿಸ್ಟರ್ ಬಾಗಿಲಿಗೆ ಬಂದು, "ಉಮೆಸಲ್ಮಾ ಜೋಡಿ ಬಂದವ್ರು ಯಾರ್ರಿ?" ಎಂದಳು.

ಹಜರಾಬೀ ಎದ್ದಳು. ಬುರ್ಖಾ ಸರಿಮಾಡಿಕೊಂಡು, ಎದೆಯುಬ್ಬಿಸಿ, ಆಸ್ಪತ್ರೆ ನಡುಗುವಂತೆ ಕೂಗಿದಳು: "ಅಂಜಬ್ಯಾಡ ತಂಗಿ, ನಾ ಬರ್ತೀನಿ ನಿನ್ನ ಜೋಡಿ!"

ಮತ್ತೆ ಸಲ್ಮಾಳ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು, "ಸರಿ ಅಂದ್ನೇನ ಬೇಟಿ? ಹಾಸ್ಟೆಲ್ನ್ಯಾಗ ಆ ಹುಡುಗ್ಯಾರು ನನಗ ಚಾನ್ಸೇ ಕೊಡ್ಲಿಲ್ಲ ನೋಡು. ಇಲ್ಲಿ ಮಂದಿ ಭಾಳ ಕಮ್ಮಿ ಅದಾರಲ್ಲ, ಆಟ ಯಾವಾಗ ಶುರು?"

ಸಲ್ಮಾ ಹಿಡಿದಿದ್ದ ಕೈ ಬಿಟ್ಟು ಒಬ್ಬಳೇ ಒಳಗೆ ಹೋದಳು. ಬಾಗಿಲು ಮುಚ್ಚುವಾಗ ಹಜರಾಬೀ ಪಕ್ಕದವಳಿಗೆ ಹೇಳುತ್ತಿದ್ದುದು ಕೇಳಿಸಿತು.

"ನೋಡವಾ, ಈಕಿ ಎಷ್ಟ ಚಂದ ಅಳ್ತಾಳ."