ಸಂಜೀವಯ್ಯನವರ ಸ್ವಂತ ಅಭಿಪ್ರಾಯ

ಎಲ್ಲ ರಾಮಾಯಣಕ್ಕೂ ಮೂಲ ‘ಹಠಮಾರಿ’ ಎಂಬ ಒಂದೇ ಒಂದು ಪದ. "ನಿಮ್ಮ ಅಪ್ಪಾರು ಭಾಳ ಹಠಮಾರಿ ಅದಾರ್ರೀ ಮೇಡಂ" ಎಂದು ಸಂಜೀವಯ್ಯನವರ ಆರೈಕೆಗಿದ್ದ ಮೌನೇಶ ಫೋನಿನಲ್ಲಿ ಅವರ ಮಗಳು ಶ್ವೇತಾಳಿಗೆ ಹೇಳಿಬಿಟ್ಟಿದ್ದ. ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ ಬಿಡಿ. ಜಯನಗರದ ಸಂಜೀವಯ್ಯ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಲಕ್ವ ಹೊಡೆದು ಎಡಗಾಲು ಸೋತಿದ್ದರೂ ಬಾಯಿ, ಬೆತ್ತ, ಡ್ಯೂಟಿ ಕಾಲದ ವಿಶಲ್ ಮೂರೂ ಗಟ್ಟಿಯಾಗಿದ್ದವು. ಮಾತ್ರೆ ಕೊಟ್ಟರೆ ಉಗುಳುವರು, ಸ್ನಾನ ಎಂದರೆ ಬೆತ್ತ ಬೀಸುವರು, ಸಿಟ್ಟು ಬಂದರೆ ವಿಶಲ್ ಊದಿ ಬೀದಿಗೆಲ್ಲ ಸಾರುವರು.

ಮಗಳು ಅತ್ತಳು, ದೂರೂ ಕೊಟ್ಟಳು. ಮನೆಮನೆಗೆ ಆರೈಕೆಯವರನ್ನು ಕಳಿಸುವ ಏಜೆನ್ಸಿಯ ಪದ್ಮಶ್ರೀ ಮೇಡಂ ಬೆಳಿಗ್ಗೆಯೇ ನಡುಮನೆಯ ಫೋನಿಗೆ ಕರೆ ಮಾಡಿದರು.

"ಏನ್ರೀ ಮೌನೇಶ, ಪೇಷೆಂಟನ್ನ ಹಠಮಾರಿ ಅಂತಾರೇನ್ರೀ? ಸ್ವಂತ ಅಭಿಪ್ರಾಯ ಇರೋರು ಅನ್ಬೇಕು. ಬೈತಾರೆ ಅನ್ಬಾರ್ದು, ಮನಸ್ಸು ಬಿಚ್ಚಿ ಮಾತಾಡ್ತಾರೆ ಅನ್ಬೇಕು. ಸಂಜೆ ಶ್ವೇತಾ ಮೇಡಂ ಜೊತೆ ನಾನೂ ಬರ್ತೀನಿ. ನೀಟಾಗಿ ಮಾತಾಡಿದ್ರೆ ನಾಳೆಯಿಂದ ನಿಮಗೆ ಬನಶಂಕರಿ ಮನೆ ಡ್ಯೂಟಿ."

"ಬನಶಂಕರೀಗೇನ್ರೀ ಮೇಡಂ!" ಮೌನೇಶ ಸಂತೋಷಕ್ಕೆ ಕೂಗಿಯೇಬಿಟ್ಟ. ಪಕ್ಕದ ಕುರ್ಚಿಯಲ್ಲಿ ಸಂಜೀವಯ್ಯ ಕಣ್ಣು ಮುಚ್ಚಿ, ಕಿವಿ ತೆರೆದು ಕೂತಿದ್ದರು. ಬನಶಂಕರಿಯ ಅನಂತಪದ್ಮನಾಭರಾಯರು ಎರಡು ಇಡ್ಲಿ ತಿಂದು ಮಲಗಿದರೆ ಸಂಜೆಗೇ ಏಳುವುದು. ಎದ್ದರೂ "ಥ್ಯಾಂಕ್ಸ್ ಕಣಪ್ಪ" ಎನ್ನುವ ಜೀವ. ಏಜೆನ್ಸಿಯ ಹುಡುಗರ ಪಾಲಿಗೆ ಆ ಮನೆಯೇ ಕೈಲಾಸ.

ಮೌನೇಶ ಕನ್ನಡಿಯ ಮುಂದೆ ನಿಂತು ಒಳ್ಳೆಯ ಮಾತು ಕಲಿಯತೊಡಗಿದ. ಅಷ್ಟರಲ್ಲಿ ಪಕ್ಕದ ಮನೆ ಅಮ್ಮಣ್ಣಿ ಕುಕ್ಕರ್ ಸಮೇತ ನುಗ್ಗಿದಳು.

"ನಿಮ್ಮ ಮುದುಕಪ್ಪನ ವಿಶಲ್ ಯಾವ್ದು, ನನ್ನ ಕುಕ್ಕರ್ ವಿಶಲ್ ಯಾವ್ದು ಅಂತ ಗೊತ್ತಾಗ್ದೆ ಬೇಳೆಯೆಲ್ಲ ಸೀದೋಯ್ತು!"

"ಹಂಗನಬ್ಯಾಡ್ರೀ ಆಂಟಿ. ಅಜ್ಜಾರಿಗೆ ನೆರೆಹೊರೆಯವರ ಜೋಡಿ ಬೆರೀಬೇಕಂತ ಆಸೆ."

"ಬೆರೆಯೋ ಆಸೆನಾ? ಹಾಗಾದ್ರೆ ಈ ಸೀದ ಬೇಳೇಲೇ ಸಾರು ಮಾಡ್ಕೊಂಡು ಉಣ್ಲಿ!" ಎಂದು ಕುಕ್ಕರನ್ನು ಅಲ್ಲೇ ಕುಕ್ಕಿ ಹೋದಳು.

ಬುದ್ಧಿ ಎಲ್ಲಿಟ್ಟಿದ್ದನೋ, ಮೌನೇಶ ಹಾಗೇ ಮಾಡಿದ. ಮೊದಲ ತುತ್ತಿಗೇ ತಟ್ಟೆ ಹಾರಿ ಅವನ ಇಸ್ತ್ರಿಯ ಬಿಳಿ ಶರ್ಟಿಗೆ ಬಡಿಯಿತು. ಹಿಂದೆಯೇ ಬೆತ್ತ ಬಂದು ಹಣೆಯ ಮೇಲೊಂದು ಬುಗುಟು ಎಬ್ಬಿಸಿತು.

ಸಂಜೆ ಶ್ವೇತಾ, ಪದ್ಮಶ್ರೀ ಇಬ್ಬರೂ ಬಂದರು.

"ಅಪ್ಪ ಊಟ ಮಾಡ್ತಿದ್ದಾರಾ?"

"ಊಟದಾಗ ಅಜ್ಜಾರಿಗೆ ಸ್ವಂತ ಅಭಿಪ್ರಾಯ ಐತ್ರೀ."

"ನಿಮ್ಮ ಶರ್ಟಿಗೇನಾಯ್ತು?"

"ತಾವೊಬ್ರೇ ಉಣ್ಣೂದಿಲ್ರೀ ಮೇಡಂ, ನನಗೂ ಹಂಚ್ತಾರ."

"ಹಣೇಲಿ ಅದೇನು?"

"ಬಲಗೈಯಾಗ ಭಾಳ ಶಕ್ತಿ ಬಂದೈತ್ರೀ!"

ಶ್ವೇತಾಳ ಕಣ್ಣು ತುಂಬಿತು. ಪದ್ಮಶ್ರೀ ಮೇಡಂ ಅವನತ್ತ ನೋಡಿ ತಲೆದೂಗಿದರು. ಮೌನೇಶನಿಗೆ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ.

"ಅಪ್ಪಾ, ಮೌನೇಶ ನಿಮ್ಮನ್ನ ಚೆನ್ನಾಗಿ ನೋಡ್ಕೋತಾರಾ?" ಎಂದಳು ಶ್ವೇತಾ.

ಸಂಜೀವಯ್ಯ ಗಂಟಲು ಸರಿ ಮಾಡಿಕೊಂಡರು.

"ಬಂಗಾರದಂಥ ಹುಡುಗ ಕಣಮ್ಮ. ವಿಶ್ರಾಂತಿ ಬೆಲೆ ತಿಳಿದೋನು, ಮಧ್ಯಾಹ್ನ ನಂಗಿಂತ ಮೊದ್ಲೇ ಶುರು ಮಾಡ್ತಾನೆ. ನನ್ನ ಬಾಳೆಹಣ್ಣು ಹಣ್ಣಾಗಿದ್ಯಾ ಅಂತ ತಾನೇ ಪರೀಕ್ಷೆ ಮಾಡ್ತಾನೆ, ಒಂದನ್ನೂ ಬಿಡಲ್ಲ. ಸ್ನೇಹಜೀವಿ. ನಮ್ಮನೆ ಫೋನಲ್ಲಿ ಅವರೂರೋರೆಲ್ಲರ ಯೋಗಕ್ಷೇಮ ವಿಚಾರಿಸ್ತಾನೆ."

"ಎಷ್ಟು ಒಳ್ಳೆಯವ್ರು!" ಎಂದು ಶ್ವೇತಾ ಕೈಮುಗಿದಳು. ಆದರೆ ಇಂಥ ಮಾತುಗಳನ್ನು ಹೇಳಿಕೊಟ್ಟ ಪದ್ಮಶ್ರೀ ಮೇಡಂಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಮುಖ ಗಂಟಿಕ್ಕಿತು.

ಗೇಟಿನ ತನಕ ಓಡಿದ ಮೌನೇಶ, "ಮೇಡಂ, ಬನಶಂಕರಿ?" ಎಂದ.

"ಅಲ್ಲಿಗೆ ನಮ್ಮ ಇನ್ನೊಬ್ಬ ಹುಡುಗ ಕರೆಪ್ಪನ್ನ ಕಳಿಸ್ತೀನಿ. ನಿಮ್ಮಷ್ಟು ಗುಣವಂತ ಅಲ್ಲ ಅವ್ನು, ಬರೀ ಕೆಲಸ ಮಾಡ್ತಾನೆ" ಎಂದು ಮೇಡಂ ಆಟೋ ಹತ್ತಿದರು.

ಸೋತ ಮೋರೆ ಹೊತ್ತು ಒಳಗೆ ಬಂದವನನ್ನು ಸಂಜೀವಯ್ಯ ಮೇಲಿಂದ ಕೆಳಗೆ ನೋಡಿದರು.

"ಹಿಂಗ್ಯಾಕ ಮಾಡಿದ್ರಿ ಅಜ್ಜಾರ?" ಅವನಿಗೆ ಅಳುವೇ ಬಂದಿತ್ತು.

"ನೀನು ಹೋದ್ರೆ ನಾನು ಯಾರನ್ನ ಬೈಲೋ?" ಎಂದರು ಮುದುಕರು. ಒಂದು ಕ್ಷಣ ಅವರ ದನಿಯೂ ಒದ್ದೆಯಾಯಿತು. "ನೋಡ್ತಾ ನಿಂತ್ಯಲ್ಲೋ ಕತ್ತೆ, ಹೋಗಿ ಕಾಫಿ ಮಾಡು!"