ದಿಬ್ಬಣಕ್ಕೆ ಸದ್ದು ಮಾತ್ರ

ರೆಕಾರ್ಡಿಂಗ್ ಸ್ಟುಡಿಯೋಗೆ ಎಷ್ಟು ದಪ್ಪದ ಬಾಗಿಲು ಹಾಕಿಸಿದರೂ ಅದು ತಡೆಯುವುದು ಹೊರಗಿನ ಶಬ್ದವನ್ನು, ಮನುಷ್ಯರನ್ನಲ್ಲ. ಮನುಷ್ಯರು ಬರುತ್ತಿರುವಷ್ಟು ಕಾಲ ಇಂಥ ಪ್ರಸಂಗಗಳೂ ನಡೆಯುತ್ತಲೇ ಇರುತ್ತವೆ. ನನ್ನದು ವಿರಾಜಪೇಟೆಯಲ್ಲಿ, ಕಾಫಿ ವ್ಯಾಪಾರಿಯೊಬ್ಬರ ಗೋದಾಮಿನ ಮೇಲಿನ ಕೋಣೆ. ಭೌತಶಾಸ್ತ್ರ ಓದಿ, ಹೋಂಸ್ಟೇ ಜಾಹೀರಾತುಗಳಿಗೆ ಹಕ್ಕಿ ಕೂಗು ಸೇರಿಸುವ ಕೆಲಸ. ಇಲ್ಲಿ ಹೇಳುವುದೆಲ್ಲ ಒಬ್ಬರೇ ಡ್ರಮ್ಮಿನವರದು.

ಯಾಕೆ ಬಂದರು

ಮದುವೆ ಬ್ಯಾಂಡಿನ ಮಾಸ್ಟರ್, ಅಂದರೆ ಟ್ರಂಪೆಟ್ ಊದುವವರು, ಈ ಡ್ರಮ್ಮಿನವರನ್ನು ಕರೆತಂದರು. ಇಪ್ಪತ್ತೈದು ವರ್ಷ ಸೈಡ್ ಡ್ರಮ್ಮಿನ ಪಟ್ಟಿ ಹೊತ್ತು ಡ್ರಮ್ಮಿನವರ ಬಲಭುಜ ಕೆಟ್ಟಿತ್ತು. ಇನ್ನು ಭಾರ ನೇತುಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು. ಬಾರಿಸಲು ಬೇರೆಯವರಿಲ್ಲ, ಕಲಿತವರೆಲ್ಲ ಪ್ರವಾಸಿಗರ ಜೀಪು ಓಡಿಸುತ್ತಿದ್ದಾರೆ.

"ಇವನ ಡ್ರಮ್ ಒಂದನ್ನು ರೆಕಾರ್ಡ್ ಮಾಡಿಕೊಡಿ. ಪಿಕಪ್ಪಲ್ಲಿ ಸ್ಪೀಕರ್ ಇಟ್ಟು ಹಾಕ್ತೇವೆ. ಮಿಕ್ಕವರು ಜೊತೆಗೆ ಬಾರಿಸ್ತಾರೆ" ಎಂದರು ಮಾಸ್ಟರ್.

ಮಾಸ್ಟರ್ ಬೀಡಿ ಸೇದಲು ಇಳಿದಾಗ ಡ್ರಮ್ಮಿನವರು ಕೇಳಿದರು: "ಸಾರ್, ಇದೆಲ್ಲ ಮುಗಿದ ಮೇಲೆ ನನ್ನ ಕರೀತಾರಾ?"

ನಾನು ಓದಿದ್ದು ಶಬ್ದದ ಬಗ್ಗೆ. ಅದರಲ್ಲಿ ಈ ಪಾಠ ಇರಲಿಲ್ಲ.

"ಭುಜ ಹೇಗಿದೆ?" ಎಂದೆ.

"ಅದನ್ನು ಡಾಕ್ಟರು ಕೇಳಿ ಆಯ್ತು" ಎಂದರು.

ನಿಂತರೆ ಬರುವುದಿಲ್ಲ

ಇದೊಂದು ಸಲಕ್ಕೆ ಎಂದು ಅವರು ಡ್ರಮ್ಮನ್ನು ಎಡಭುಜಕ್ಕೆ ನೇತುಹಾಕಿಕೊಂಡರು. ಡ್ರಮ್ಮಿನ ಮೇಲೊಂದು, ಕೆಳಗಿನ ತಂತಿಗಳ ಹತ್ತಿರ ಒಂದು ಮೈಕ್ ಇಟ್ಟೆ. ಚರ್ರೆನ್ನುವ ಸದ್ದು ಬರುವುದು ಆ ತಂತಿಗಳಿಂದ. ಹೂಂ ಎಂದೆ. ಅವರು ಕೋಲು ಎತ್ತಿ ಸುಮ್ಮನೆ ನಿಂತರು.

"ಎಂಥ ಆಯ್ತು?"

"ನಿಂತುಕೊಂಡು ಹೇಗೆ ಬಾರಿಸೋದು ಸಾರ್? ನಾವು ನಿಂತರೆ ಮದುವೆಮನೆ ಬಂತು ಅಂತ ಲೆಕ್ಕ."

ಮಾಸ್ಟರ್ ಒಪ್ಪಿದರು. "ಕಾಲು ನಡೆದರೇನೇ ಇವನ ಕೈ ನಡೆಯೋದು."

ಕೋಣೆಯ ಉದ್ದ ಆರು ಹೆಜ್ಜೆ. ಏಳನೆಯದಕ್ಕೆ ಗೋಡೆ. ಅವರನ್ನು ಮೈಕಿನ ಸುತ್ತ ನಡೆಸಿದೆ. ಸದ್ದು ಹತ್ತಿರ ಬಂದು ದೂರ ಹೋಯಿತು. ಕೊನೆಗೆ ಜೇಡರಬಲೆ ತೆಗೆಯುವ ಕೋಲಿಗೆ ಮೈಕ್ ಕಟ್ಟಿ, ಅವರ ಪಕ್ಕದಲ್ಲೇ ನಾನೂ ಸುತ್ತಿದೆ. ನನ್ನ ಹಿಂದೆ ವೈರು ಹಿಡಿದು ಮಾಸ್ಟರ್. ಗದ್ದಲಕ್ಕೆ ಮೇಲೆ ಬಂದ ಕಾಫಿ ವ್ಯಾಪಾರಿ ಬಾಗಿಲು ತೆರೆದು, ಮೂವರೂ ಎರಡು ಸುತ್ತು ಹಾಕುವುದನ್ನು ನೋಡಿ, ಗಂಭೀರವಾಗಿ ಕೇಳಿದರು:

"ಗಂಡು ಇನ್ನೂ ಬರಲಿಲ್ಲವಾ?"

ಟಿಕ್ ಟಿಕ್

ತಾಳ ಜಾರದಿರಲೆಂದು ಕಿವಿಗೆ ಹೆಡ್‌ಫೋನ್ ಹಾಕಿ ಟಿಕ್ ಟಿಕ್ ಕೇಳಿಸಿದೆ. ಅವರು ತೆಗೆದು ಕೈಗೆ ಕೊಟ್ಟರು.

"ಈ ಟಿಕ್ ಟಿಕ್ಕಿನವನು ಮದುವೆಗೆ ಹೋದವನಲ್ಲ ಸಾರ್. ಏರು ಬಂದರೂ ಒಂದೇ ನಡಿಗೆ."

"ಅದು ಸಮಯ ಹೇಳುತ್ತೆ, ಅಷ್ಟೇ."

"ಅದಕ್ಕೆ ಭಟ್ಟರು ಇರ್ತಾರಲ್ಲ?"

ಚೊಕ್ಕ ಮಾಡಿದ್ದು

ಅವರು ಹೋದ ಮೇಲೆ ಎರಡು ದಿನ ಮಿಕ್ಸಿಂಗ್ ಮಾಡಿದೆ. ಗುಂಯ್ ಎನ್ನುವುದನ್ನು ಕತ್ತರಿಸಿದೆ, ತಂತಿಯ ಕಿರಿಕಿರಿ ತಗ್ಗಿಸಿದೆ, ತಡವಾಗಿ ಬಿದ್ದ ಏಟುಗಳನ್ನೆಲ್ಲ ಪರದೆಯ ಮೇಲೆ ಎಳೆದು ತಾಳದ ಗೆರೆಗೆ ತಂದೆ. ಏಟುಗಳು ಇಟ್ಟಿಗೆ ಜೋಡಿಸಿದಂತೆ ಕೂತವು. ಇಬ್ಬರನ್ನೂ ಕರೆಸಿ ಕೇಳಿಸಿದೆ.

"ಒಳ್ಳೇ ಕೈ" ಎಂದರು ಡ್ರಮ್ಮಿನವರು. "ಯಾರದು?"

"ನಿಂದೇ ಮಾರಾಯ!" ಮಾಸ್ಟರ್ ನಕ್ಕರು.

ಡ್ರಮ್ಮಿನವರು ಇನ್ನೊಮ್ಮೆ ಹಾಕಿಸಿ, ಕಣ್ಣು ಮುಚ್ಚಿ ಕೇಳಿದರು.

"ನಂದಾದರೆ ಭುಜನೋವು ಎಲ್ಲಿ ಹೋಯ್ತು?"

ಪರದೆಯ ಮೇಲೆ ಹಳೆಯದನ್ನು ತೆರೆದು ನೋಡಿದೆ. ನಿಜ. ಬಲಗೈಯ ಪ್ರತಿ ದೊಡ್ಡ ಏಟೂ ಕೂದಲೆಳೆಯಷ್ಟು ತಡ. ನಮ್ಮ ಪುಸ್ತಕಗಳಲ್ಲಿ ಅದಕ್ಕೆ ದೋಷ ಎಂದು ಹೆಸರು. ಆದರೆ ಕಾಲು ಕುಣಿಯುವುದು ಆ ತಡಕ್ಕೇ ಎಂದು ನನಗೂ ಆಗ ಕೇಳಿಸಿತು. ಎರಡು ದಿನದ ಕೆಲಸ ಅಳಿಸಿ, ನೋವನ್ನೆಲ್ಲ ಇದ್ದ ಜಾಗಕ್ಕೆ ವಾಪಸ್ ಹಾಕಿದೆ. ಮಿಕ್ಸಿಂಗಿನಲ್ಲಿ ನನ್ನ ಪಾಲು ಏನೆಂದು ಯಾರಾದರೂ ಕೇಳಿದರೆ, ಕೈ ಹಾಕದೆ ಇದ್ದದ್ದು.

ಬಿಟ್ಟಂಗಾಲದ ದಿಬ್ಬಣ

ಮೊದಲ ಪ್ರಯೋಗ ಬಿಟ್ಟಂಗಾಲದ ಕಡೆಯ ಒಂದು ಮದುವೆಯಲ್ಲಿ. ಪಿಕಪ್ಪಿನ ಸ್ಪೀಕರಿನಿಂದ ಡ್ರಮ್, ಹಿಂದೆ ಬ್ಯಾಂಡಿನ ಮಿಕ್ಕವರು. ಡ್ರಮ್ಮಿನವರನ್ನು ಯಾರೂ ಕರೆದಿರಲಿಲ್ಲ. ತಾವೇ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದು, ರಸ್ತೆ ಬದಿ ಬೇಲಿಯ ಹತ್ತಿರ ನಿಂತಿದ್ದರು. ಮುಂದೆ ಬನ್ನಿ ಎಂದೆ. ಬೇಡ ಎಂದು ಕೈ ಆಡಿಸಿದರು.

ಸದ್ದು ಚೆನ್ನಾಗಿಯೇ ಬಂತು. ಕುಣಿಯುವವರಿಲ್ಲ. ಗಂಡಿನ ಸೋದರಮಾವ ಮಾತ್ರ ಧೈರ್ಯ ಮಾಡಿ, ಡ್ರಮ್ಮಿನವರಿಗೆ ಎದುರಾಗಿ ಕುಣಿಯುವ ರೂಢಿಯಂತೆ, ಪಿಕಪ್ಪಿಗೆ ಎದುರಾಗಿ ಕುಣಿದರು. ಗಾಡಿಯತ್ತ ನುಗ್ಗಿದರು. ಡ್ರೈವರ್ ಗಾಬರಿಯಾಗಿ ರಿವರ್ಸ್ ತೆಗೆದ. ಇನ್ನೂ ನುಗ್ಗಿದರು. ದಿಬ್ಬಣ ಗಂಡಿನ ಮನೆ ಕಡೆಗೆ ಹಿಂದಕ್ಕೆ ಹೊರಟಿತು.

"ಬಾನೆಟ್ಟಿನ ಮುಖ ನೋಡಿ ಎಷ್ಟು ಅಂತ ಕುಣಿಯೋದು!" ಸೋದರಮಾವ ಸಿಟ್ಟಾದರು. "ಎಲ್ಲಿ ಆ ಡ್ರಮ್ಮಿನವ?"

ಮಾಸ್ಟರ್ ಓಡಿಹೋಗಿ, ಬೇಲಿಯ ಹತ್ತಿರದಿಂದ ಅವರ ಎಡಗೈ ಹಿಡಿದು ಎಳೆತಂದು ಪಿಕಪ್ಪಿನ ಮುಂದೆ ನಿಲ್ಲಿಸಿದರು. "ನೀನು ಬಾರಿಸಬೇಡ. ಬರೀ ನಡಿ."

ಅವರು ಬರಿಗೈಯಲ್ಲಿ ನಡೆದರು, ತಮ್ಮದೇ ಸದ್ದಿಗೆ ತಲೆ ಆಡಿಸುತ್ತ. ಸೋದರಮಾವ ಎದುರು ಬಂದರೆ ಹುಬ್ಬು ಹಾರಿಸಿದರು, ದೊಡ್ಡ ಏಟು ಬರುವ ಮೊದಲು ಗದ್ದ ಎತ್ತಿ ಎಚ್ಚರಿಸಿದರು. ಅರ್ಧ ಊರು ಕುಣಿಯಿತು.

ಆಮೇಲೆ ಒಂದು ಮದುವೆಯೂ ಅವರಿಲ್ಲದೆ ಆಗಿಲ್ಲ. ಮೊನ್ನೆ ಸ್ಟುಡಿಯೋಗೆ ಬಂದಿದ್ದರು. ಖುಷಿಯಾಗಿದ್ದರು, ಆದರೆ ತಿರುಗಿ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದರು.

"ಭುಜ ಪೂರ್ತಿ ವಾಸಿ ಸಾರ್. ಈಗ ಕತ್ತು ಹಿಡ್ಕೊಂಡಿದೆ. ತಲೆ ಆಡಿಸಬೇಡಿ ಅಂತಾರೆ ಡಾಕ್ಟರು." ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು: "ಅದನ್ನೂ ರೆಕಾರ್ಡ್ ಮಾಡೋಕಾಗುತ್ತಾ?"