ನಮ್ಮ ಸ್ಕೂಟರಿಗೆ ಗೊಟ್ಟದಲ್ಲಿ ಔಷಧಿ

ಟಾನಿಕ್ ಕುಡಿದರೆ ಹರೆಯ ಮರಳುತ್ತದೆಂಬ ಭ್ರಮೆ ಮನುಷ್ಯರಿಗೆ ಮಾತ್ರ ಇದ್ದಿದ್ದರೆ ನನ್ನ ಪಾಡಿಗೆ ನಾನು ಸುಖವಾಗಿರುತ್ತಿದ್ದೆ. ಈಗ ಗಾಡಿಗಳಿಗೂ ಟಾನಿಕ್ ಬಂದಿದೆ. ಪೆಟ್ರೋಲಿಗೆ ಬೆರೆಸಿದರೆ ಎಂಜಿನ್ನಿನ ಮಸಿಯೆಲ್ಲ ಕರಗಿ ಮುದಿ ಗಾಡಿಯೂ ಹೋರಿಯಂತೆ ಓಡುತ್ತದಂತೆ. ಹೊಸದುರ್ಗದಲ್ಲಿ ನನ್ನ ಸ್ಕೂಟರ್ ಏರು ಹತ್ತುವಾಗ ತೆಂಗಿನಕಾಯಿ ಚೀಲ ಹೊತ್ತು ನಡೆಯುವವರೂ "ಬರ್ತೀನಿ ಸಾರ್" ಎಂದು ನನ್ನನ್ನು ಹಿಂದೆ ಹಾಕಿ ಹೋಗುತ್ತಾರೆ. ಆದರೂ ಮದುವೆಯ ಹೊಸತರಲ್ಲಿ ಕೊಂಡ ಗಾಡಿ, ನನಗೆ ಅದರ ಮೇಲೆ ಪ್ರಾಣ. ನನ್ನಾಕೆಗೆ ಅಂಥ ಮೋಹವಿಲ್ಲ. "ಭಾನುವಾರ ಹೊಳಲ್ಕೆರೆಗೆ, ನಮ್ಮಕ್ಕನ ಮನೆಗೆ ಇದ್ರಾಗೇ ಹೋಗಾಣ. ದಾರೀಲಿ ನಿಂತ್ರೆ ಸೋಮವಾರ ಗುಜರಿಗೆ" ಎಂದು ತೀರ್ಪು ಕೊಟ್ಟಳು. ನಾನು ಓಡಿಹೋಗಿ ಟಾನಿಕ್ ಬಾಟಲಿ ತಂದೆ.

ನಮ್ಮ ಮಾವ ತುರುವನೂರು ಕಡೆಯವರು. ಜೀವಮಾನವೆಲ್ಲ ಕುರಿ ಕಾದವರು, ಮಂಡಿ ಸೋತು ಮಂದೆ ಮಾರಿ ನಮ್ಮಲ್ಲಿಗೆ ಬಂದಿದ್ದರು. ಕೈಗೆ ಕೆಲಸವಿಲ್ಲದೆ ಗೇಟಿನ ಬಳಿ ಕೂತು ಬೀದಿ ನಾಯಿಗಳ ಆರೋಗ್ಯ ವಿಚಾರಿಸುತ್ತಿದ್ದರು. ಟ್ಯಾಂಕ್ ತುಂಬಿಸಿ ಒಂದು ಮುಚ್ಚಳ ಹಾಕಬೇಕೆಂದು ಬಾಟಲಿಯ ಮೇಲಿದ್ದುದನ್ನು ಓದಿ ಹೇಳಿದೆ. ಅವರು ನಕ್ಕರು. "ತುಂಬಿದ ಹೊಟ್ಟೆಗೆ ಔಷಧಿ ಹಿಡೀತೈತೇನ್ರಿ ಅಳಿಯಂದ್ರೇ? ಖಾಲಿ ಹೊಟ್ಟೆಗೆ ಕುಡಿಸ್ಬೇಕು. ಮುದಿ ಕುರಿಗೆ ಮುಚ್ಚಳ ಎಲ್ಲಿ ಸಾಲ್ತೈತೆ?" ಅಷ್ಟೊಂದು ಕುರಿ ಬದುಕಿಸಿದವರೆದುರು ನಾನು ಯಾವ ಬಾಯಲ್ಲಿ ವಾದಿಸಲಿ? ಟ್ಯಾಂಕ್ ಬರಿದು ಮಾಡಿದೆವು. ಮಾವ ತಮ್ಮ ಗಂಟಿನಿಂದ ಕುರಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ತೆಗೆದು ಇಡೀ ಬಾಟಲಿ ಹೊಯ್ದರು, ಸೀಟು ಸವರುತ್ತ "ಕುಡಿ, ಕುಡಿ" ಎಂದರು. ಆಮೇಲೆ ಅದು ಗಂಟಲಿನಿಂದ ಇಳಿಯಲೆಂದು ಸ್ವಲ್ಪ ಪೆಟ್ರೋಲು.

ಭಾನುವಾರ ಊರು ದಾಟುವಷ್ಟರಲ್ಲಿ ಸ್ಕೂಟರ್ ಬಿಳೀ ಹೊಗೆ ಕಾರಿ ನಿಂತಿತು. ನನ್ನಾಕೆ ಇಳಿದು, ಸೋಮವಾರಕ್ಕೆ ಎಷ್ಟು ಗಂಟೆ ಉಳಿದಿದೆಯೆಂದು ಬೆರಳು ಮಡಿಸಿ ಎಣಿಸತೊಡಗಿದಳು. ಗೂಡ್ಸ್ ಆಟೋದಲ್ಲಿ ಮನೆಗೆ ತಂದಾಗ ಮಾವ ಸೈಲೆನ್ಸರ್ ಮುಟ್ಟಿ ನೋಡಿ, "ಕೆಟ್ಟದ್ದೆಲ್ಲ ಹೊರಗೆ ಬರ್ತೈತೆ, ಒಳ್ಳೇದೇ" ಎಂದು ಅದಕ್ಕೆ ಗೋಣಿಚೀಲ ಹೊದಿಸಿ ಸಂಜೆಯವರೆಗೂ ಪಕ್ಕದಲ್ಲೇ ಕೂತರು. ಮರುದಿನ ಟ್ಯಾಂಕ್ ತೊಳೆದು ಹೊಸ ಪೆಟ್ರೋಲ್ ಹಾಕಿ ಕಿಕ್ಕರ್ ಒದ್ದೆ. ಹಳೆಯ ಕೆಮ್ಮಿನೊಂದಿಗೇ ಶುರುವಾಯಿತು. ಹಾಗಾದರೆ ಟಾನಿಕ್ಕಿನಿಂದ ಉಪಯೋಗವಿದೆಯೇ? ಹೇಳಿದಷ್ಟೇ ಹಾಕಿದರೆ ಒಂದಿಷ್ಟು ಮಸಿ ತೊಳೆದೀತು. ಆದರೆ ಎಷ್ಟು ಉಜ್ಜಿದರೂ ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಇದನ್ನು ಮಾವನಿಗೆ ಹೇಳುವ ಧೈರ್ಯ ನನಗಿರಲಿಲ್ಲ. "ನೋಡಿದ್ರಾ, ಎದ್ದು ನಿಂತ್ಕಂತು!" ಎಂದು ಅವರು ಬೀದಿಗೆಲ್ಲ ಸಾರುತ್ತಿದ್ದರು.

ನಾನು ಗುಜರಿಯವನ ನಂಬರ್ ಹುಡುಕುವವನಂತೆ ನಟಿಸುತ್ತಿದ್ದಾಗ ನನ್ನಾಕೆ ಮೆಲ್ಲಗೆ, "ಬ್ಯಾಡ ಬಿಡ್ರಿ. ಇಲ್ಲಿಗೆ ಬಂದ್ಮ್ಯಾಲೆ ಅಪ್ಪ ತಟ್ಟೆಗೆ ಮತ್ತೊಂದ್ಸಲ ಅನ್ನ ಕೇಳಿ ಹಾಕಿಸ್ಕಂಡಿದ್ದು ನಿನ್ನೆನೇ ಮೊದ್ಲು" ಎಂದಳು. ನಾನು ಫೋನು ಜೇಬಿಗಿಳಿಸಿದೆ. ಸ್ಕೂಟರ್ ಉಳಿಯಿತು, ನನ್ನ ಪ್ರೀತಿಯಿಂದಲ್ಲ ಎಂಬ ಸಣ್ಣ ಬೇಜಾರೂ ಉಳಿಯಿತು. ಈಗ ಮಾವ ದಿನಾ ಬೆಳಿಗ್ಗೆ ಅದರ ಮೈ ಒರೆಸಿ ಚಕ್ರ ಒತ್ತಿ ನೋಡುತ್ತಾರೆ. ಇವತ್ತು ಅದು ಮುಗಿದ ಮೇಲೆ ನನ್ನ ಕಡೆ ತಿರುಗಿದರು. ಕುರಿಗೆ ರಕ್ತ ಕಮ್ಮಿಯಾಗಿದೆಯೇ ಎಂದು ನೋಡುವ ಹಾಗೆ ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು, ಬಿಸಿಲಿಗೆ ಹಿಡಿದು ನೋಡಿ, ಒಳಗಿದ್ದ ಮಗಳಿಗೆ ಕೂಗಿ ಹೇಳಿದರು: "ಅವ್ವಾ, ಇನ್ಮ್ಯಾಲೆ ಇವರ್ನೂ ನಾನೇ ನೋಡ್ಕಂತೀನಿ ಬಿಡು."